ಮಲಗಲೊಂದು ಹಲಗೆ

2003ರ ಫೆಬ್ರುವರಿ ತಿಂಗಳು. ಬಕ್ರೀದ್ ಕಳೆದು ಒಂದು ವಾರವಾಗಿತ್ತಷ್ಟೆ. ದೆಹಲಿಗೆ ಕಟ್ಟಡ ಕೆಲಸಕ್ಕೆಂದು ಹೋಗಿದ್ದ ಮಾಮುವಿನ ಮಗ ಮೇಲಿಂದ ಬಿದ್ದಿದ್ದಾನೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿಯನ್ನು ಎಸ್.ಟಿ.ಡಿ. ಬೂತಿನ ಹುಡುಗ ಸಾಲಗುಂದದ ನಮ್ಮ ಮನೆಗೆ ಓಡಿ ಬಂದು ಹೇಳಿದ. ಅಂದು ಮಧ್ಯಾಹ್ನವೇ ಅಮ್ಮಿ, ಮಾಮು, ಮಾಮಿ ಎಲ್ಲ ಸೇರಿ ನಾವು ನಾಲ್ವರು ಹೊರಟೆವು. ಸಾಲಗುಂದದಿಂದ ಸಿಂಧನೂರಿಗೆ ಒಂದು ಬಸ್ಸು, ಸಿಂಧನೂರಿನಿಂದ ರಾಯಚೂರಿಗೆ ಇನ್ನೊಂದು ಬಸ್ಸು. ಆಗ ನಮ್ಮ ತಾಲೂಕಿನಲ್ಲಿ ಹಳಿಯೂ ಇರಲಿಲ್ಲ, ನಿಲ್ದಾಣವೂ ಇರಲಿಲ್ಲ. ರೈಲು ಎಂದರೆ ತೊಂಬತ್ತು ಕಿಲೋಮೀಟರ್ ಆಚೆಯ ರಾಯಚೂರು, ಇಲ್ಲವೆ ಹೊಸಪೇಟೆ.

ಸೀಟು ಕಾಯ್ದಿರಿಸುವ ಮಾತೇ ಇರಲಿಲ್ಲ. ಅಪಘಾತ ಯಾರಿಗೂ ತಿಂಗಳ ಮುಂಚೆ ತಿಳಿಸಿ ಬರುವುದಿಲ್ಲ. ನಾಲ್ಕು ಜನರಲ್ ಟಿಕೆಟ್ ಕೊಂಡು ಪ್ಲಾಟ್‌ಫಾರಂ ಮೇಲೆ ಚಾದರ ಹಾಸಿ ಕುಳಿತೆವು. ನಡುರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ರೈಲು ಬಂತು. ಜನರಲ್ ಬೋಗಿಯ ಬಾಗಿಲಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಒಳಗಿದ್ದವರೇ ಕೈ ಹಿಡಿದು ಎಳೆದುಕೊಂಡರು. ಅಮ್ಮಿಗೆ ಯಾರೋ ಬಿಹಾರದ ಹುಡುಗ ಎದ್ದು ಜಾಗ ಕೊಟ್ಟ. ಮಾಮಿ ಶೌಚಾಲಯದ ಪಕ್ಕ ಗಂಟಿನ ಮೇಲೆ ಕುಳಿತರು. ಮಾಮು ಮತ್ತು ನಾವು ಬೆಳಗಿನ ತನಕ ನಿಂತೇ ಇದ್ದೆವು.

ಮರುದಿನ ಮಧ್ಯಾಹ್ನದ ಮೇಲೆ ಮನಮಾಡದಲ್ಲಿ ರೈಲು ನಿಂತಾಗ ಮಾಮು ಕೆಳಗಿಳಿದು ಟಿ.ಸಿ.ಯನ್ನು ಹುಡುಕಿಕೊಂಡು ಹೋದರು. ಭುಸಾವಳದಲ್ಲಿ ಎರಡು ಬರ್ತ್ ಖಾಲಿಯಾಗುತ್ತವೆ, ವ್ಯತ್ಯಾಸದ ಹಣ ಕಟ್ಟಿದರೆ ರಸೀದಿ ಬರೆದುಕೊಡುತ್ತೇನೆ ಎಂದ ಆತ. ಕೇಳಿದ್ದು ನ್ಯಾಯದ ಹಣವೇ, ಒಂದು ಪೈಸೆ ಹೆಚ್ಚಿಲ್ಲ. ಆದರೆ ಮಾಮುವಿನ ಸಂಚಿಯಲ್ಲಿದ್ದದ್ದು ಆಸ್ಪತ್ರೆಗೆಂದು ಸಾಲ ತಂದ ರೊಕ್ಕ. ಪ್ಲಾಟ್‌ಫಾರಂ ಮೇಲೆ ಅಣ್ಣ ತಂಗಿಯ ನಡುವೆ ನಡೆದ ಮಾತು ನಮಗೆ ಇಂದಿಗೂ ನೆನಪಿದೆ.

"ದವಾಖಾನಿಗೆ ಇಟ್ಟ ರೊಕ್ಕ ನಿದ್ದಿಗೆ ಹಾಕೂದಾ?" ಎಂದರು ಮಾಮು.

"ಭಾಯಿಜಾನ್, ಮೂರು ರಾತ್ರಿ ಆತು ನೀವು ಕಣ್ಣು ಮುಚ್ಚಿಲ್ಲ. ಅಲ್ಲಿ ಹೋಗಿ ಮಗನ ಬಾಜೂಕ ಕೂಡ್ಲಿಕ್ಕಾದ್ರೂ ತ್ರಾಣ ಬೇಕಲ್ಲ?" ಎಂದರು ಅಮ್ಮಿ.

ಕೊನೆಗೆ ಎರಡು ಬರ್ತಿನ ಹಣ ಕಟ್ಟಿದೆವು. ನಾಲ್ವರಲ್ಲಿ ಇಬ್ಬರಿಗೆ ಮಲಗುವ ಯೋಗ. ಭುಸಾವಳದಲ್ಲಿ ಅಮ್ಮಿ ಮತ್ತು ಮಾಮಿ ಸ್ಲೀಪರ್ ಬೋಗಿ ಹತ್ತಿದರು, ಮಾಮು ಮತ್ತು ನಾವು ಜನರಲ್ ಬೋಗಿಗೆ ಮರಳಿದೆವು. ಒಂದರಿಂದ ಒಂದಕ್ಕೆ ಒಳಗಿನಿಂದ ದಾರಿಯಿರಲಿಲ್ಲ.

ಜನರಲ್ ಬೋಗಿಯಿಂದ ಸ್ಲೀಪರಿಗೆ ಹೋಗುವುದೆಂದರೆ ಕೆಲವೇ ಹೆಜ್ಜೆಗಳ ದೂರ. ಆದರೆ ಆ ಹಲಗೆ ಬಡವನ ಪಾಲಿಗೆ ಬರಲು ಎಷ್ಟು ಕಾಲ ಹಿಡಿಯಿತು, ಯಾರು ಯಾರು ಅದಕ್ಕಾಗಿ ಮಾತಾಡಿದರು ಎಂಬುದನ್ನು ಹುಡುಕುತ್ತ ಹೋದಂತೆ, ನಮ್ಮ ರಾಯಚೂರಿನ ಹೆಸರೇ ಆ ಚರಿತ್ರೆಯ ನಡುವೆ ಎದುರಾಯಿತು.

ರಾಯಚೂರಿನಲ್ಲಿ ಕೂಡಿದ ಹಳಿಗಳು

ನಾವು ಪ್ರಯಾಣ ಮಾಡಿದ ಆ ವರ್ಷ ಭಾರತದ ರೈಲಿಗೆ ನೂರೈವತ್ತು ತುಂಬುವ ವರ್ಷ. ಕೈಯಲ್ಲಿ ಹಸಿರು ದೀಪ ಹಿಡಿದ ಭೋಲು ಎಂಬ ಆನೆಮರಿಯ ಚಿತ್ರವನ್ನು ಆ ಆಚರಣೆಗೆಂದು 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ್ದರು. 1853ರ ಅದೇ ಏಪ್ರಿಲ್ 16ರಂದು ಮುಂಬೈಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತ್ತು. ಹದಿನಾಲ್ಕು ಬೋಗಿ, ನಾನ್ನೂರು ಅತಿಥಿಗಳು, 34 ಕಿಲೋಮೀಟರ್ ದಾರಿ. ಅಷ್ಟು ದೂರಕ್ಕೆ ಯಾರಿಗೂ ಮಲಗುವ ಅಗತ್ಯ ಬೀಳಲಿಲ್ಲ.

ಹಳಿ ಉದ್ದವಾದಂತೆ ಪ್ರಯಾಣದಲ್ಲಿ ರಾತ್ರಿಗಳೂ ಸೇರಿಕೊಂಡವು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಮದರಾಸಿನ ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿ ಹಾಸುತ್ತ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಒಂದನ್ನೊಂದು ಕೂಡಿದವು. ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಯ ಕಡೆಗೆ ಹೋಗುವವನು ನಿಜಾಮರ ಸಂಸ್ಥಾನದ ಈ ಊರನ್ನು ಹಾದೇ ಹೋಗಬೇಕಾಯಿತು. 1874ರಲ್ಲಿ ನಮ್ಮ ನೆರೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಮಾತ್ರ ಹಳಿಯಿಂದ ದೂರವೇ ಉಳಿದವು. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆಯೇ ಸಂಸ್ಥಾನದಲ್ಲಿ ಬಸ್ ಸೇವೆ ಆರಂಭಿಸಿತು. ನಮ್ಮ ಭಾಗದ ಹಿರಿಯರ ಪ್ರಯಾಣವೆಲ್ಲ ಬಂಡಿ ಇಲ್ಲವೆ ಬಸ್ಸಿನಿಂದಲೇ ಶುರುವಾಗಿ ರಾಯಚೂರಿನಲ್ಲಿ ರೈಲಿಗೆ ತಿರುಗುತ್ತಿತ್ತು. ಹಾಜಿಗಳು ಕೂಡ ಹಾಗೆಯೇ. ಮುಂಬೈ ತನಕ ರೈಲು, ಅಲ್ಲಿಂದ ಹಡಗು. 1995ರಲ್ಲಿ ಹಡಗಿನ ಹಜ್ ಯಾತ್ರೆ ನಿಲ್ಲುವ ತನಕ ಬಡ ಹಾಜಿಗೆ ನೀರಿನ ಮೇಲೂ ಸಿಗುತ್ತಿದ್ದದ್ದು ಅಗ್ಗದ ದರ್ಜೆಯೇ.

ಆ ಕಾಲದ ರೈಲಿನಲ್ಲಿ ಒಂದನೆಯ, ಎರಡನೆಯ, ಇಂಟರ್, ಮೂರನೆಯ ಎಂದು ನಾಲ್ಕು ದರ್ಜೆಗಳು. ಒಂದೆರಡನೆಯ ದರ್ಜೆಯವರಿಗೆ ಮೆತ್ತೆ ಇತ್ತು, ಕಾಲು ಚಾಚುವ ಜಾಗವಿತ್ತು, ಜೊತೆಗೆ ಬಿಸ್ತರಾ ಸುತ್ತಿಕೊಂಡು ಬರುವ ಆಳುಗಳಿದ್ದರು. ಮೂರನೆಯ ದರ್ಜೆಗೆ ಮರದ ಬೆಂಚು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ಕಂಪನಿಗಳು ಬೆಂಚೂ ಇಲ್ಲದ ಬೋಗಿಗಳನ್ನು ಓಡಿಸಿದ್ದುಂಟು. ಜನ ನೆಲದ ಮೇಲೆ ಕೂಡಬೇಕು, ಇಲ್ಲವೆ ನಿಲ್ಲಬೇಕು. ಆದರೆ ರೈಲಿನಲ್ಲಿ ಓಡಾಡುವವರಲ್ಲಿ ಬಹುಪಾಲು ಜನ ಈ ಕೊನೆಯ ದರ್ಜೆಯವರೇ ಆಗಿದ್ದರು. ಪ್ರಯಾಣಿಕರಿಂದ ಕಂಪನಿಗಳಿಗೆ ಬರುತ್ತಿದ್ದ ಹಣದ ದೊಡ್ಡ ಪಾಲೂ ಇವರ ಜೇಬಿನದೇ.

ಸರಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 1890ರ ರೈಲ್ವೆ ಕಾಯಿದೆ ಎರಡು ಒಳ್ಳೆಯ ಮಾತುಗಳನ್ನು ಹೇಳಿತು. ಒಂದು, ಪ್ರತಿಯೊಂದು ವಿಭಾಗದಲ್ಲೂ ಎಷ್ಟು ಜನ ಕೂಡಬಹುದು ಎಂದು ನಿಗದಿ ಮಾಡಿ ಆ ಸಂಖ್ಯೆಯನ್ನು ಎದ್ದು ಕಾಣುವಂತೆ ಬರೆಯಬೇಕು. ಎರಡು, ಪ್ರತಿ ರೈಲಿನಲ್ಲೂ ಅತಿ ಕೆಳಗಿನ ದರ್ಜೆಯಲ್ಲಿ ಒಂದು ವಿಭಾಗವನ್ನಾದರೂ ಹೆಂಗಸರಿಗೆ ಮೀಸಲಿಡಬೇಕು. ಐವತ್ತು ಮೈಲಿಗಿಂತ ಹೆಚ್ಚು ದೂರ ಹೋಗುವ ರೈಲಾದರೆ ಅದರಲ್ಲಿ ಶೌಚದ ಕೋಣೆ ಇರಬೇಕು. ಅಂದರೆ ಕಾಯಿದೆ ಬಡವನ ಮೈಗೆ ಕೂಡುವ ಜಾಗ ಬೇಕೆಂದು ಒಪ್ಪಿತು, ಬಡ ಹೆಂಗಸಿಗೆ ಮರೆ ಬೇಕೆಂದು ಒಪ್ಪಿತು. ಅವರಿಗೆ ನಿದ್ದೆಯೂ ಬರುತ್ತದೆ ಎಂಬುದನ್ನು ಮಾತ್ರ ನೆನೆಯಲಿಲ್ಲ.

ಮೇಮನ್ ವ್ಯಾಪಾರಿಯ ಐದನೆಯ ರಾತ್ರಿ

ಅದನ್ನು ಬರೆದು ತೋರಿಸಿದವರು ಗಾಂಧೀಜಿ. 1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಒಂದನೆಯ ದರ್ಜೆಯ ಟಿಕೆಟ್ ಕೈಯಲ್ಲಿದ್ದರೂ ಬಣ್ಣದ ಕಾರಣಕ್ಕೆ ಅವರನ್ನು ಹೊರದಬ್ಬಿದ ಕಥೆ ಎಲ್ಲರಿಗೂ ಗೊತ್ತು. ಮೇಲಿನ ದರ್ಜೆಯ ಹಕ್ಕಿಗಾಗಿ ಅಂದು ಚಳಿಯಲ್ಲಿ ಕುಳಿತ ಮನುಷ್ಯ ಭಾರತಕ್ಕೆ ಬಂದ ಮೇಲೆ ತಾನಾಗಿಯೇ ಮೂರನೆಯ ದರ್ಜೆ ಹತ್ತಿದ. ಎರಡೂ ಒಂದೇ ಹೋರಾಟದ ಎರಡು ಮುಖಗಳು.

1917ರಲ್ಲಿ ಅವರು ಮೂರನೆಯ ದರ್ಜೆಯ ಬವಣೆ ಕುರಿತು ಒಂದು ಚಿಕ್ಕ ಬರಹ ಪ್ರಕಟಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಮದರಾಸಿಗೆ ಮೇಲ್ ರೈಲಿನಲ್ಲಿ ಹೋದದ್ದನ್ನು ಅದರಲ್ಲಿ ವಿವರಿಸಿದ್ದಾರೆ. ಟಿಕೆಟ್ಟಿಗೆ 13 ರೂಪಾಯಿ 9 ಆಣೆ. ಬೋಗಿಯ ಮೇಲೆ 22 ಜನಕ್ಕೆ ಎಂದು ಬರೆದಿತ್ತು. ಆ 22 ಜನಕ್ಕೂ ಕೂಡಲು ಮಾತ್ರ ಜಾಗ. ಮದರಾಸು ಮುಟ್ಟಲು ಎರಡು ರಾತ್ರಿ ಕಳೆಯಬೇಕು, ಮಲಗಲು ಹಲಗೆಗಳಿಲ್ಲ. ಹೇಗೋ ಕುಳಿತಲ್ಲೇ ತೂಕಡಿಸುತ್ತ ರಾಯಚೂರಿನ ತನಕ ಬಂದರು. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯಲಾಗದಂತಾಯಿತು. ಗಾರ್ಡು ಬಂದದ್ದು ಇನ್ನಷ್ಟು ಜನರನ್ನು ಒಳಗೆ ತುರುಕಲು ಮಾತ್ರ. ಆ ರಾತ್ರಿಯ ಹೆಚ್ಚಿನ ಹೊತ್ತು ಬೋಗಿಯಲ್ಲಿ 35 ಜನರಿದ್ದರು. ಕೆಲವರು ಕೊಳಕು ನೆಲದ ಮೇಲೆ ಬಿದ್ದುಕೊಂಡರು, ಕೆಲವರು ನಿಂತೇ ಇದ್ದರು.

ಆ ಬೋಗಿಯಲ್ಲಿ ಒಬ್ಬ ಮೇಮನ್ ವ್ಯಾಪಾರಿ ಇದ್ದ. ಜನರನ್ನು ಹೀಗೆ ತುಂಬುವುದು ಸರಿಯೇ ಎಂದು ಆತ ಗಾರ್ಡನನ್ನು ಕೇಳಿದ. ರೈಲಿನಲ್ಲಿ ತನಗಿದು ಐದನೆಯ ರಾತ್ರಿ ಎಂದು ಹೇಳಿಕೊಂಡ. ಗಾರ್ಡು ಅವನನ್ನು ಅವಮಾನಿಸಿ, ದೂರೇನಿದ್ದರೂ ಕೊನೆಯ ನಿಲ್ದಾಣದಲ್ಲಿ ಕೊಟ್ಟುಕೋ ಎಂದ. ಆ ವ್ಯಾಪಾರಿಯ ಹೆಸರು ಗಾಂಧೀಜಿಯ ಬರಹದಲ್ಲಿಲ್ಲ. ಐದು ರಾತ್ರಿ ನಿದ್ದೆಯಿಲ್ಲದ ಒಬ್ಬ ಸಾಮಾನ್ಯ ಮುಸಲ್ಮಾನ, ತನ್ನೊಬ್ಬನ ಜಾಗಕ್ಕಲ್ಲ, ಇಡೀ ಬೋಗಿಯ ಜನಕ್ಕಾಗಿ ಬಾಯಿ ತೆರೆದ ಎಂಬುದಷ್ಟೇ ನಮಗೆ ಉಳಿದಿದೆ. ಅದು ನಡೆದದ್ದು ನಮ್ಮ ರಾಯಚೂರಿನ ಆಚೆಯ ಹಳಿಗಳ ಮೇಲೆ. 86 ವರ್ಷಗಳ ನಂತರ ಅದೇ ರಾಯಚೂರಿನಲ್ಲಿ, ಬೇರೆ ದಿಕ್ಕಿನ ರೈಲಿನ ಬಾಗಿಲಲ್ಲಿ ನಾವು ನಿಂತಿದ್ದೆವು.

ಗಾಂಧೀಜಿ ಲೆಕ್ಕವನ್ನೂ ಹಾಕಿದರು. ಒಂದನೆಯ ದರ್ಜೆಯ ಟಿಕೆಟ್ಟಿನ ಬೆಲೆ ಮೂರನೆಯ ದರ್ಜೆಯ ಐದು ಪಟ್ಟಿಗಿಂತ ಹೆಚ್ಚು. ಹಾಗಾದರೆ ಮೂರನೆಯ ದರ್ಜೆಯವನಿಗೆ ಐದರಲ್ಲಿ ಒಂದು ಪಾಲು, ಹೋಗಲಿ ಹತ್ತರಲ್ಲಿ ಒಂದು ಪಾಲು ಸೌಕರ್ಯವಾದರೂ ಸಿಗುತ್ತಿದೆಯೇ ಎಂದು ಕೇಳಿದರು. ವೈಸರಾಯರು, ರಾಜ ಮಹಾರಾಜರು, ಶಾಸನ ಮಾಡುವವರು ಆಗಾಗ ಮುನ್ಸೂಚನೆ ಕೊಡದೆ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಿ ನೋಡಲಿ, ಸುಧಾರಣೆ ತಾನಾಗಿ ಬರುತ್ತದೆ ಎಂದು ಸಲಹೆ ಕೊಟ್ಟರು. ಈ ಸಲಹೆಗೆ ಇನ್ನೂ ವಯಸ್ಸಾಗಿಲ್ಲ.

ಆ ಕಾಲದ ನಿಲ್ದಾಣಗಳಲ್ಲಿ ಹಿಂದೂ ಪಾನಿ, ಮುಸಲ್ಮಾನ್ ಪಾನಿ ಎಂದು ಕೂಗಿ ಬೇರೆ ಬೇರೆ ನೀರು ಕೊಡುತ್ತಿದ್ದುದನ್ನೂ ನೆನೆಯಬೇಕು. ಪ್ಲಾಟ್‌ಫಾರಂ ಮೇಲೆ ನೀರು ಎರಡಾಗಿತ್ತು. ಬೋಗಿಯೊಳಗೆ ಮಾತ್ರ ಹಾಗಿರಲಿಲ್ಲ. 22 ಜನರ ಜಾಗದಲ್ಲಿ 35 ಜನ ಕುಳಿತಾಗ ಯಾರ ತಲೆ ಯಾರ ಹೆಗಲ ಮೇಲೆ ಬಿತ್ತು ಎಂದು ಕೇಳುವವರಿಲ್ಲ.

ಎರಡು ಇಂಚಿನ ಮೆತ್ತೆ

ಸ್ವಾತಂತ್ರ್ಯ ಬಂದ ಮೇಲೆ ದರ್ಜೆಗಳ ಹೆಸರು ಬದಲಾದವು. 1955ರಲ್ಲಿ ಹಳೆಯ ಒಂದನೆಯ ದರ್ಜೆಯನ್ನು ತೆಗೆದುಹಾಕಿ ಎರಡನೆಯದನ್ನೇ ಒಂದನೆಯದೆಂದು ಕರೆದರು. ಇಂಟರ್ ಎಂಬುದು ಎರಡನೆಯ ದರ್ಜೆಯಾಯಿತು. ಮೂರನೆಯದು ಮೂರನೆಯದಾಗಿಯೇ ಉಳಿಯಿತು. ಆದರೆ ಐವತ್ತು ಅರವತ್ತರ ದಶಕಗಳಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ಮೂರನೆಯ ದರ್ಜೆಯ ಕೆಲವು ಬೋಗಿಗಳಲ್ಲಿ ಮಲಗುವ ಹಲಗೆಗಳು ಬಂದವು. ಕೆಳಗೊಂದು, ನಡುವೆ ಒಂದು, ಮೇಲೊಂದು. ನಡುವಿನದು ಹಗಲಲ್ಲಿ ಬೆನ್ನಿಗೆ ಆಸರೆ, ರಾತ್ರಿ ಸರಪಳಿಗೆ ಸಿಕ್ಕಿಸಿದರೆ ಹಾಸಿಗೆ. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಬಡವನೂ ರೈಲಿನಲ್ಲಿ ಬೆನ್ನು ಚಾಚಬಹುದೆಂಬ ಮಾತು ಮೊದಲ ಸಲ ನಿಜವಾಯಿತು.

1974ರಲ್ಲಿ ಮೂರನೆಯ ದರ್ಜೆ ಎಂಬ ಹೆಸರೇ ಹೋಯಿತು. ಎಲ್ಲವೂ ಎರಡನೆಯ ದರ್ಜೆ. ಆದರೆ ಹೆಸರು ಮೇಲೇರಿದರೂ ಮರ ಮರವೇ ಆಗಿತ್ತು. ಹೆಸರನ್ನು ಮಾತ್ರ ಬಡ್ತಿ ಮಾಡುವುದು ಆಳುವವರಿಗೆ ಯಾವಾಗಲೂ ಸುಲಭದ ಕೆಲಸ.

ಮರವನ್ನು ಮೆತ್ತಗೆ ಮಾಡಿದವರು ಮಧು ದಂಡವತೆ. ಭೌತಶಾಸ್ತ್ರದ ಪ್ರಾಧ್ಯಾಪಕರು, ಸಮಾಜವಾದಿ. 1977ರಿಂದ 1979ರವರೆಗೆ ಜನತಾ ಸರಕಾರದಲ್ಲಿ ರೈಲ್ವೆ ಮಂತ್ರಿ. ಎರಡನೆಯ ದರ್ಜೆಯ ಸ್ಲೀಪರ್ ಹಲಗೆಗಳಿಗೆ ಎರಡು ಇಂಚಿನ ಫೋಮ್ ಮೆತ್ತೆ ಹಾಕಿಸಿದರು. 1977ರ ಡಿಸೆಂಬರ್ 26ರಂದು ಮುಂಬೈ ಹಾವಡಾ ನಡುವೆ ಗೀತಾಂಜಲಿ ಎಕ್ಸ್‌ಪ್ರೆಸ್ ಆರಂಭಿಸಿದರು. ಅದರಲ್ಲಿ ಒಂದನೆಯ ದರ್ಜೆಯೇ ಇರಲಿಲ್ಲ. ಶ್ರೀಮಂತನ ಮೆತ್ತೆಯನ್ನು ಕಿತ್ತುಕೊಳ್ಳುವುದರ ಬದಲು ಬಡವನ ಹಲಗೆಗೆ ಮೆತ್ತೆ ಹಾಕುವುದು ಅವರ ದಾರಿ. ದೇಶದಲ್ಲಿ ಎಷ್ಟೋ ಕ್ರಾಂತಿಯ ಮಾತುಗಳು ಕೇಳಿಬಂದು ಮರೆಯಾದವು, ಈ ಎರಡು ಇಂಚು ಮಾತ್ರ ಉಳಿಯಿತು. ಮುಂದೆ ಅದು ಸ್ಲೀಪರ್ ಬೋಗಿಯ ರೂಢಿಯೇ ಆಯಿತು.

ನಮ್ಮ ನಾಡಿನವರೇ ಆದ ಸಿ.ಕೆ. ಜಾಫರ್ ಷರೀಫ್ 1991ರಿಂದ 1995ರವರೆಗೆ ರೈಲ್ವೆ ಮಂತ್ರಿಯಾಗಿದ್ದರು. 1992ರಲ್ಲಿ ಅವರ ಕಾಲದಲ್ಲಿ ಮೀಟರ್‌ಗೇಜ್ ಹಳಿಗಳನ್ನು ಬ್ರಾಡ್‌ಗೇಜಿಗೆ ಬದಲಿಸುವ ಯೋಜನೆ ದೊಡ್ಡದಾಗಿ ಶುರುವಾಯಿತು. ಹುಬ್ಬಳ್ಳಿ, ಹೊಸಪೇಟೆ, ಗುಂತಕಲ್ಲು ದಾರಿ ಅಗಲವಾದದ್ದು ಆ ದಶಕದಲ್ಲೇ. ಅದಕ್ಕೆ ಮೊದಲು ಹೊಸಪೇಟೆಯಿಂದ ದೂರ ಹೋಗುವವನು ಗುಂತಕಲ್ಲಿನಲ್ಲೋ ಇನ್ನೆಲ್ಲೋ ಅರ್ಧರಾತ್ರಿ ಇಳಿದು, ಗಂಟುಮೂಟೆ ಹೊತ್ತು ಬೇರೆ ರೈಲು ಹತ್ತಬೇಕಿತ್ತು. ಒಂದೇ ಅಳತೆಯ ಹಳಿ ಎಂದರೆ ನಡುವೆ ಮುರಿಯದ ನಿದ್ದೆ ಎಂದೂ ಅರ್ಥ.

ಲಾಲು ಪ್ರಸಾದರು ಮಂತ್ರಿಯಾಗಿದ್ದಾಗ, 2006ರಲ್ಲಿ, ಮೇಲಿನ ದರ್ಜೆಯಲ್ಲಿ ಬರ್ತ್ ಖಾಲಿ ಉಳಿದರೆ ಕೆಳಗಿನ ದರ್ಜೆಯವರನ್ನು ಹೆಚ್ಚು ಹಣವಿಲ್ಲದೆ ಅಲ್ಲಿಗೆ ಏರಿಸುವ ಪದ್ಧತಿ ಬಂತು. ಕಂಪ್ಯೂಟರೇ ಆಯ್ಕೆ ಮಾಡುತ್ತದೆ. ಸ್ಲೀಪರಿನವನು ಎ.ಸಿ.ಗೆ ಹೋದರೆ ಅವನು ಬಿಟ್ಟ ಸ್ಲೀಪರ್ ಹಲಗೆ ಕಾಯುತ್ತಿರುವ ಇನ್ನೊಬ್ಬನಿಗೆ ಸಿಗುತ್ತದೆ. ಖಾಲಿ ಓಡುವ ಹಾಸಿಗೆಗಿಂತ ಮಲಗಿದ ಮನುಷ್ಯ ಮೇಲು ಎಂಬ ಸಾಮಾನ್ಯ ಬುದ್ಧಿಯ ಕೆಲಸ ಇದು. ಆದರೆ ಈ ಏಣಿಯ ಮೊದಲ ಮೆಟ್ಟಿಲಿರುವುದು ಕಾಯ್ದಿರಿಸಿದ ಟಿಕೆಟ್ಟಿನಲ್ಲಿ. ಜನರಲ್ ಬೋಗಿಯಲ್ಲಿ ನಿಂತವನು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಹಾಸಿಗೆ ಹಾಸಿದವರ ನಿದ್ದೆ

ಮಲಗುವ ಬೋಗಿಯ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. ಅಮೆರಿಕದಲ್ಲಿ 1860ರ ದಶಕದಲ್ಲಿ ಜಾರ್ಜ್ ಪುಲ್‌ಮನ್ ಎಂಬಾತ ಐಷಾರಾಮದ ಮಲಗುವ ಬೋಗಿಗಳನ್ನು ಓಡಿಸಿದ. ಅವುಗಳಲ್ಲಿ ಹಾಸಿಗೆ ಹಾಸಲು, ಬೂಟು ಒರೆಸಲು ನೇಮಿಸಿಕೊಂಡದ್ದು ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಜನರನ್ನು. ಮಾಲಕನ ಹೆಸರಿನಿಂದಲೇ ಪ್ರಯಾಣಿಕರು ಅವರನ್ನೆಲ್ಲ ಜಾರ್ಜ್ ಎಂದು ಕರೆಯುತ್ತಿದ್ದರು. ಇತರರ ನಿದ್ದೆ ಕಾಯುವ ಈ ಜನ ತಿಂಗಳಿಗೆ 400 ಗಂಟೆ ದುಡಿಯುತ್ತಿದ್ದರು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ಮುಂದಾಳತನದಲ್ಲಿ ಸಂಘ ಕಟ್ಟಿಕೊಂಡರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ದುಡಿಮೆಯ ಹೊತ್ತು 240 ಗಂಟೆಗಿಳಿಯಿತು. ಅವರ ನಿದ್ದೆಯೂ ನಿದ್ದೆಯೇ ಎಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು.

ನಮ್ಮಲ್ಲಿಯೂ ಮೂರನೆಯ ದರ್ಜೆ ಹೋದ ಅದೇ 1974ರ ಮೇ 8ರಂದು ರೈಲ್ವೆ ನೌಕರರ ದೊಡ್ಡ ಮುಷ್ಕರ ಆರಂಭವಾಯಿತು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬೇಡಿಕೆಗಳಲ್ಲಿ ಎಂಟು ಗಂಟೆಯ ದುಡಿಮೆಯೂ ಒಂದು. ರೈಲು ಓಡಿಸುವವನು ಮನೆಗೆ ಹೋಗಿ ಮಲಗದಿದ್ದರೆ ಒಳಗೆ ಮಲಗಿದ ಸಾವಿರ ಜನರ ಗತಿಯೇನು? ಸರಕಾರ ಸಾವಿರಾರು ಜನರನ್ನು ಸೆರೆಗೆ ತಳ್ಳಿತು. ಮೇ 27ರಂದು ಮುಷ್ಕರ ಹಿಂದೆಗೆಯಲಾಯಿತು. ಮಲಗುವ ಹಲಗೆಯ ಕಥೆ ಹೇಳುವಾಗ ಇವರನ್ನು ಬಿಟ್ಟರೆ ಕಥೆ ಅರ್ಧವೇ.

ಸಿಂಧನೂರಿಗೆ ಬಂದ ಹಳಿ

ಮುನಿರಾಬಾದ್ ಮೆಹಬೂಬ್‌ನಗರ ಮಾರ್ಗಕ್ಕೆ 1997-98ರಲ್ಲಿ ಮಂಜೂರಾತಿ ಸಿಕ್ಕಾಗ ನಮ್ಮ ಊರಿನಲ್ಲಿ ಸಿಹಿ ಹಂಚಿದವರು ಹಲವರು. ಅವರಲ್ಲಿ ಎಷ್ಟೋ ಜನ ರೈಲು ನೋಡದೆಯೇ ಹೋದರು. ಗಿಣಿಗೇರಾದಿಂದ ಹೊರಟ ಹಳಿ 2019ರಲ್ಲಿ ಗಂಗಾವತಿಗೆ ಬಂತು, ಆಮೇಲೆ ಕಾರಟಗಿಗೆ, 2024ರ ಮಾರ್ಚಿನಲ್ಲಿ ಸಿಂಧನೂರಿಗೆ. ಬೆಂಗಳೂರಿನ ಯಶವಂತಪುರಕ್ಕೆ ಹೋಗುವ ರಾತ್ರಿ ರೈಲು ಸಿಂಧನೂರಿನಿಂದಲೇ ಹೊರಡತೊಡಗಿತು. ನಮ್ಮ ಕಡೆಯವರು ಸ್ಲೀಪರಿನಲ್ಲಿ ಮಲಗಿ ಬೆಂಗಳೂರಿನಲ್ಲಿ ಎಚ್ಚರಾಗುವ ದಿನ ಕೊನೆಗೂ ಬಂತು.

ಆದರೆ ನಮ್ಮ ಸೀಮೆಯ ರೈಲು ನೋಡಬೇಕಾದರೆ ಸ್ಲೀಪರಿನ ಕಿಟಕಿಯಿಂದ ನೋಡಬಾರದು. ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯಿಂದ, ನಮ್ಮ ತಾಲೂಕಿನಲ್ಲಿ ಕಾಲುವೆ ನೀರು ತಲುಪದ ಊರುಗಳಿಂದ ಗುಳೆ ಹೋಗುವವರು ಹತ್ತುವುದು ಜನರಲ್ ಬೋಗಿ. ಹೆಗಲಿಗೆ ಹಿಟ್ಟಿನ ಚೀಲ, ಕಂಕುಳಲ್ಲಿ ಕೂಸು, ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಇವರಿಗೆ ಎಂದು ಹೊರಡುತ್ತೇವೆ ಎಂಬುದೇ ಮುಂಚೆ ಗೊತ್ತಿರುವುದಿಲ್ಲ. ಮುಕಾದಮನ ಫೋನು ಬಂದ ದಿನವೇ ಪ್ರಯಾಣ. ಕಾಯ್ದಿರಿಸುವುದೆಂದರೆ ನಾಳೆಯ ಬಗ್ಗೆ ಭರವಸೆ ಇರುವವನ ಸೌಲಭ್ಯ.

ಅಪಘಾತ, ಸಾವು, ಕೂಲಿಯ ಕರೆ, ಇವೆಲ್ಲ ಜನರಲ್ ಬೋಗಿಯ ಪ್ರಯಾಣಿಕರು. ಅವರಲ್ಲಿ ಒಂದಿಬ್ಬರು ಟಿ.ಸಿ.ಯನ್ನು ಹುಡುಕಿ, ಹಣ ಕಟ್ಟಿ, ಮೇಲಿನ ದರ್ಜೆಗೆ ಏರುತ್ತಾರೆ. ಏರುವುದು ತಪ್ಪಲ್ಲ, ನಾವೂ ಏರಿದವರೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಅನೇಕ ರೈಲುಗಳಲ್ಲಿ ಸ್ಲೀಪರ್ ಬೋಗಿಗಳು ಕಡಿಮೆಯಾಗಿ ಎ.ಸಿ. ಬೋಗಿಗಳು ಹೆಚ್ಚಾದವು. ಏಣಿಯ ನಡುವಿನ ಮೆಟ್ಟಿಲು ತೆಗೆದರೆ ಕೆಳಗಿದ್ದವನು ಏರುವುದು ಹೇಗೆ?

2017ರ ಒಂದು ಸುತ್ತೋಲೆಯಲ್ಲಿ ರೈಲ್ವೆ, ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗಿನ 6ರವರೆಗೆ ಎಂದು ಸ್ಪಷ್ಟಪಡಿಸಿತು. ಆ ಹೊತ್ತಿನಲ್ಲಿ ನಡುವಿನ ಹಲಗೆ ಹಾಕಬಹುದು, ಉಳಿದ ಹೊತ್ತು ಇತರರಿಗೆ ಕೂಡಲು ಬಿಡಬೇಕು. ಒಂದು ಬೋಗಿಯ 72 ಜನರ ನಿದ್ದೆಗೆ ಇಷ್ಟು ನಾಜೂಕಾದ ನಿಯಮ. ಪಕ್ಕದ ಜನರಲ್ ಬೋಗಿಗೆ 1890ರ ಹಳೆಯ ನಿಯಮ ಹೆಸರಿಗೆ ಇದೆ. 1989ರ ಹೊಸ ಕಾಯಿದೆಯ 57ನೆಯ ಕಲಮಿನಲ್ಲೂ ಪ್ರತಿ ವಿಭಾಗಕ್ಕೆ ಇಷ್ಟೇ ಜನ ಎಂದು ನಿಗದಿ ಮಾಡಬೇಕೆಂದು ಹೇಳಿದೆ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ ಕುಂಭಮೇಳದ ಪ್ರಯಾಣಿಕರ ನೂಕುನುಗ್ಗಲಿನಲ್ಲಿ 18 ಜನ ಸತ್ತರು. ಆಗ ದೆಹಲಿ ಹೈಕೋರ್ಟು ಇದೇ ಕಲಮನ್ನು ಎತ್ತಿ ರೈಲ್ವೆಯನ್ನು ಪ್ರಶ್ನಿಸಿತು. ಗಾಂಧೀಜಿಯ ಬೋಗಿಯ ಮೇಲೆ ಬರೆದಿದ್ದ 22 ಎಂಬ ಸಂಖ್ಯೆಯ ಪ್ರಶ್ನೆಯೇ ಮತ್ತೆ ಬಂದಿತ್ತು. ಎಷ್ಟು ಟಿಕೆಟ್ ಮಾರುತ್ತೀರಿ, ಎಷ್ಟು ಜನಕ್ಕೆ ಜಾಗ ಇಟ್ಟಿದ್ದೀರಿ?

ಆ ರಾತ್ರಿಯ ಮಾತು ಮುಗಿಸಬೇಕು. ಭೋಪಾಲದಲ್ಲಿ ರೈಲು ನಿಂತಾಗ ಅಮ್ಮಿ ಮತ್ತು ಮಾಮಿ ಕೆಳಗಿಳಿದು ಜನರಲ್ ಬೋಗಿಯ ತನಕ ಓಡಿಬಂದರು. ತಾವು ಮಲಗಿದ್ದು ಸಾಕು, ಈಗ ನೀವು ಹೋಗಿ ಎಂದರು. ಮಾಮು ಒಪ್ಪಲಿಲ್ಲ. ಅಮ್ಮಿ ಅವರ ತೋಳು ಹಿಡಿದು ಇಳಿಸಿದರು. ಟಿ.ಸಿ. ರಸೀದಿ ನೋಡಿ, ನಮ್ಮ ಮುಖ ನೋಡಿ, ಏನೂ ಹೇಳದೆ ಮುಂದೆ ಹೋದ. ಮೇಲಿನ ಹಲಗೆಯಲ್ಲಿ ಮಾಮು ಚಪ್ಪಲಿಯನ್ನು ತಲೆದಿಂಬಿನಂತೆ ಇಟ್ಟುಕೊಂಡು ಕಣ್ಣು ಮುಚ್ಚಿದವರು ಆಗ್ರಾ ಬರುವ ತನಕ ಮಿಸುಕಲಿಲ್ಲ. ಎದ್ದು ಕುಳಿತು ಅವರು ಹೇಳಿದ್ದು ಒಂದೇ ಮಾತು. "ಆ ರೊಕ್ಕ ದಂಡ ಆಗ್ಲಿಲ್ಲ ಬಿಡು."

ಅಂದು ಮಧ್ಯಾಹ್ನ ಅವರು ಆಸ್ಪತ್ರೆಯಲ್ಲಿ ಮಗನಿಗೆ ರಕ್ತ ಕೊಟ್ಟರು, ಎರಡು ರಾತ್ರಿ ಅವನ ಮಂಚದ ಪಕ್ಕ ನೆಲದ ಮೇಲೆ ಎಚ್ಚರವಿದ್ದರು. ಮಗ ಬದುಕಿದ. ಈಗಲೂ ಒಂದು ಕಾಲು ಎಳೆದು ನಡೆಯುತ್ತಾನೆ.

ನಿದ್ದೆ ಸುಖವಲ್ಲ, ದುಡಿಯುವವನ ಬಂಡವಾಳ. ಅದು ಉಳ್ಳವನಿಗೆ ಸೌಕರ್ಯವಾಗಿ, ಇಲ್ಲದವನಿಗೆ ಅದೃಷ್ಟವಾಗಿ ಸಿಗುವ ತನಕ ದರ್ಜೆಗಳ ಹೆಸರು ಎಷ್ಟು ಬದಲಾದರೂ ಮೂರನೆಯ ದರ್ಜೆ ಹೋಗಿಲ್ಲವೆಂದೇ ಅರ್ಥ. ಒಬ್ಬನು ಹಣ ಕಟ್ಟಿ ಮೇಲಿನ ಬೋಗಿಗೆ ಏರಿದರೆ ಅದು ಅವನ ಕಥೆ. ಬೋಗಿಯೇ ಮೇಲೇರಿದಾಗ ಅದು ಚರಿತ್ರೆಯಾಗುತ್ತದೆ. ದಂಡವತೆಯವರ ಎರಡು ಇಂಚು ಹಾಗೆ ಏರಿಸಿತ್ತು, ಹೆಸರಿಲ್ಲದ ಆ ಮೇಮನ್ ವ್ಯಾಪಾರಿ ಕೇಳಿದ್ದೂ ಅದನ್ನೇ.

ಈಗ ಸಿಂಧನೂರಿನ ನಿಲ್ದಾಣದಲ್ಲಿ ನಿಂತಾಗ ನಮಗೊಂದು ಅಭ್ಯಾಸವಾಗಿದೆ. ಕೈಯಲ್ಲಿ ಸ್ಲೀಪರ್ ಟಿಕೆಟ್ ಇದ್ದರೂ ರೈಲು ಬಂದೊಡನೆ ಮೊದಲು ಎಣಿಸುವುದು ಹಿಂದೆ ಮುಂದೆ ಎಷ್ಟು ಜನರಲ್ ಬೋಗಿಗಳಿವೆ ಎಂದು.